900 ಸಾವು 'ಗಲಭೆ', 257 ಸಾವು 'ಭಯೋತ್ಪಾದನೆ': ಮುಂಬೈನಲ್ಲಿ ಕಾನೂನು ಎರಡು ದಾರಿ ಹಿಡಿದದ್ದು ಹೇಗೆ?

ಮುಂಬೈ: ಮೂರೇ ತಿಂಗಳ ಅಂತರದಲ್ಲಿ ಮುಂಬೈ ಎರಡು ದೊಡ್ಡ ದುರಂತ ಕಂಡಿತು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಹಿಂಸಾಚಾರದಲ್ಲಿ 900 ಮಂದಿ ಸತ್ತರು. ಮಾರ್ಚ್ 12ರ ಸರಣಿ ಬಾಂಬ್ ಸ್ಫೋಟಕ್ಕೆ 257 ಮಂದಿ ಬಲಿಯಾದರು. ಮೊದಲನೆಯದಕ್ಕೆ 'ಗಲಭೆ' ಎಂಬ ಹೆಸರು ಬಂತು, ಎರಡನೆಯದಕ್ಕೆ 'ಭಯೋತ್ಪಾದನೆ'. ಈ ಒಂದು ಪದದ ವ್ಯತ್ಯಾಸ ಏನು ಮಾಡಿತು?

ಸ್ಫೋಟ ಪ್ರಕರಣ ಏನಾಯ್ತು?
ಟಾಡಾ ಅಡಿ ವಿಶೇಷ ನ್ಯಾಯಾಲಯ ವಿಚಾರಣೆ ನಡೆಸಿ 100 ಮಂದಿಯನ್ನು ದೋಷಿಗಳೆಂದು ಘೋಷಿಸಿತು. 2007ರಲ್ಲಿ 12 ಮಂದಿಗೆ ಗಲ್ಲು ಶಿಕ್ಷೆ ವಿಧಿಸಲಾಯಿತು. ಯಾಕೂಬ್ ಮೆಮನ್‌ನನ್ನು 2015ರ ಜುಲೈ 30ರಂದು ನಾಗ್ಪುರ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಗಲಭೆ ಪ್ರಕರಣಗಳು?
ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗದ ಪ್ರಕಾರ ಸತ್ತವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಎಲ್ಲಕ್ಕಿಂತ ಹೆಚ್ಚು, ಅಂದರೆ 356 ಮಂದಿ ಸತ್ತಿದ್ದು ಪೊಲೀಸರ ಗುಂಡಿಗೆ. ಪೊಲೀಸರಲ್ಲಿ ಮುಸ್ಲಿಮರ ವಿರುದ್ಧ ಪೂರ್ವಗ್ರಹ ಇತ್ತು ಎಂದ ಆಯೋಗ, 31 ಪೊಲೀಸರ ಮೇಲೆ ಬೊಟ್ಟು ಮಾಡಿತು. ಜನವರಿಯ ಸಂಘಟಿತ ದಾಳಿಗಳಿಗೆ ಶಿವಸೇನೆ ಮತ್ತು ಬಾಳ್ ಠಾಕ್ರೆ ಕಾರಣ ಎಂದೂ ಹೇಳಿತು. 1998ರಲ್ಲಿ ಅಧಿಕಾರದಲ್ಲಿದ್ದ ಶಿವಸೇನೆ-ಬಿಜೆಪಿ ಸರ್ಕಾರ ವರದಿಯನ್ನು ತಿರಸ್ಕರಿಸಿತು. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಇಂತಹ ಶಿಫಾರಸುಗಳನ್ನು ಪಾಲಿಸುವ ಕಡ್ಡಾಯ ಸರ್ಕಾರಕ್ಕಿಲ್ಲ.

ಸುಲೇಮಾನ್ ಉಸ್ಮಾನ್ ಬೇಕರಿಯ ಒಳಗಿನಿಂದ ಗುಂಡಿನ ದಾಳಿ ನಡೆಯಿತು ಎಂಬ ಪೊಲೀಸರ ಮಾತನ್ನು ಆಯೋಗ ನಂಬಲಿಲ್ಲ. ಆದರೂ ಆ ಕಾರ್ಯಾಚರಣೆಯ ಆರೋಪಿ, ಹಿರಿಯ ಅಧಿಕಾರಿ ಆರ್.ಡಿ. ತ್ಯಾಗಿ ಅವರನ್ನು 2003ರಲ್ಲಿ ನ್ಯಾಯಾಲಯ ಆರೋಪಮುಕ್ತಗೊಳಿಸಿತು.

ವ್ಯಾಖ್ಯಾನದಲ್ಲೇ ತೊಡಕಿತ್ತಾ?
ಇಲ್ಲ. ಜನರಲ್ಲಿ ಅಥವಾ ಜನರ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವುದು, ಸೌಹಾರ್ದ ಕೆಡಿಸುವುದು - ಇಂತಹ ಉದ್ದೇಶದಿಂದ ಮಾರಕಾಸ್ತ್ರ ಬಳಸಿದರೂ ಟಾಡಾ ಅನ್ವಯವಾಗುತ್ತಿತ್ತು. ಗಲಭೆ ವೇಳೆ ಆ ಕಾಯ್ದೆ ಜಾರಿಯಲ್ಲೇ ಇತ್ತು. ಆದರೆ ಯಾವ ಕಾಯ್ದೆ ಹಾಕಬೇಕು ಎಂದು ಮೊದಲು ತೀರ್ಮಾನಿಸುವವರು ಪೊಲೀಸರು ಮತ್ತು ಸರ್ಕಾರ. ಅವರ ಮೇಲೆಯೇ ಆರೋಪ ಬಂದಾಗ ಆ ತೀರ್ಮಾನ ಯಾರದ್ದು?

ವಿಶ್ವಸಂಸ್ಥೆಯಲ್ಲೂ ಇದೇ ಗಂಟು. ಭಯೋತ್ಪಾದನೆ ವಿರುದ್ಧ ಸಮಗ್ರ ಒಪ್ಪಂದಕ್ಕೆ ಭಾರತ 1996ರಲ್ಲೇ ಕರಡು ಮಂಡಿಸಿತ್ತು. ದೇಶಗಳ ಸೇನೆಯ ಕೃತ್ಯ, ವಿಮೋಚನಾ ಹೋರಾಟಗಳನ್ನು ವ್ಯಾಖ್ಯಾನದೊಳಗೆ ತರಬೇಕೇ ಎಂಬ ಜಗಳದಲ್ಲಿ ಅದು ನಿಂತುಹೋಯಿತು.

ಈಗೇನು?
2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್, ಗಲಭೆ ತಡೆಯುವಲ್ಲಿ ರಾಜ್ಯ ಸರ್ಕಾರ ವಿಫಲವಾಗಿತ್ತು ಎಂದು ಹೇಳಿತು. ನಾಪತ್ತೆಯಾದ 168 ಮಂದಿಯ ಪೈಕಿ ಪರಿಹಾರ ಸಿಗದವರ ವಾರಸುದಾರರನ್ನು ಹುಡುಕಿ, ಹಣ ತಲುಪಿಸಲು ಸೂಚಿಸಿತು. ಮೂಲೆ ಸೇರಿದ್ದ 97 ಪ್ರಕರಣಗಳ ವಿವರವನ್ನೂ ಕೇಳಿತು. ಅಷ್ಟರಲ್ಲಿ ಮೂವತ್ತು ವರ್ಷ ಉರುಳಿತ್ತು.