ಟೇಪು ಹಿಡಿದು ಕಲಿಯುವ ಪಾಠ

ಒಂದು ಕಾಲೇಜಿನ ಬಾಗಿಲಿಗೆ ಮೂರು ಮೆಟ್ಟಿಲುಗಳಿವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದರ ಎತ್ತರ 15 ಸೆಂ.ಮೀ. ಪಕ್ಕದಲ್ಲೇ ಗಾಲಿಕುರ್ಚಿಗೆಂದು 2 ಮೀಟರ್ ಉದ್ದದ ಸಿಮೆಂಟಿನ ಇಳಿಜಾರಿದೆ. ಅನುಕೂಲ ಮಾಡಿಕೊಟ್ಟಂತಾಯಿತೇ? ಅಳೆದು ನೋಡೋಣ.

ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದೆಂಬುದು ಮಾನದಂಡ. ಅಂದರೆ 45 ಸೆಂ.ಮೀ. ಏರಲು ನೆಲದ ಮೇಲೆ 5.4 ಮೀಟರ್ ಜಾಗ ಬೇಕು. ಕುರ್ಚಿ ಮತ್ತು ಕುಳಿತವರ ತೂಕ ಒಟ್ಟು 80 ಕಿಲೋ ಎನ್ನೋಣ. ಘರ್ಷಣೆಯನ್ನು ಬಿಟ್ಟರೂ, ಸರಿಯಾದ ಇಳಿಜಾರಿನಲ್ಲಿ ಸುಮಾರು 7 ಕಿಲೋ ತೂಕ ಎತ್ತುವಷ್ಟು ಬಲ ಸಾಕು. ಆ 2 ಮೀಟರಿನದರಲ್ಲಿ ಸುಮಾರು 18 ಕಿಲೋ ಬೇಕು! ಕೈ ಸೋಲುತ್ತದೆ, ಕುರ್ಚಿ ಹಿಂದಕ್ಕೆ ಮಗುಚಲೂಬಹುದು. ಇಳಿಜಾರು ಇದ್ದರೂ ಬಾಗಿಲು ಮುಚ್ಚಿದಂತೆಯೇ.

ಮುಂದಿನ ಪಾಠಕ್ಕೆ ಹಲಸೂರು ಅಥವಾ ಇಂದಿರಾನಗರದ ಮೆಟ್ರೋ ನಿಲ್ದಾಣಕ್ಕೆ ಹೋಗಿ. ನೆಲದ ಉಬ್ಬು ಹಾಸುಗಳನ್ನು ಪಾದದಿಂದ ಮುಟ್ಟಿ ನೋಡಿ. ಉದ್ದ ಗೆರೆಗಳಿದ್ದರೆ 'ಮುಂದೆ ನಡೆಯಿರಿ', ಗುಂಡು ಚುಕ್ಕೆಗಳಿದ್ದರೆ 'ಎಚ್ಚರ, ನಿಲ್ಲಿ' ಎಂದರ್ಥ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ ಉಪಾಯವಿದು. ನಂತರ ಹೊರಬಂದು ಪಾದಚಾರಿ ಮಾರ್ಗದಲ್ಲಿ ನಡೆಯಿರಿ. ಅಂಥ ಹಾಸು ಎಲ್ಲಿ ನಿಲ್ಲುತ್ತದೆ? ಅಡ್ಡ ನಿಂತ ಸ್ಕೂಟರ್, ಕಂಬ, ಕಿತ್ತ ಕಲ್ಲು ಎಷ್ಟು? ಬರೆದುಕೊಳ್ಳಿ.

ಒಂದು ಎಚ್ಚರಿಕೆ. ಹತ್ತು ನಿಮಿಷ ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ನಿಮಗೆ ತಿಳಿಯುವುದು ಕತ್ತಲೆಯ ಭಯವಷ್ಟೇ. ನಿತ್ಯ ಬಿಳಿಕೋಲು ಹಿಡಿದು, ಗಾಲಿಕುರ್ಚಿಯಲ್ಲಿ ಓಡಾಡುವವರೇ ಈ ಪಾಠದ ಗುರುಗಳು. ಅವರ ಒಪ್ಪಿಗೆ ಪಡೆದು ಜೊತೆಗೆ ಹೋಗಿ. ಕೇಳದೆ ಕುರ್ಚಿ ತಳ್ಳಬೇಡಿ. ಲಿಂಗರಾಜಪುರದಲ್ಲಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಆರಂಭಿಸಿದ ಎನ್.ಎಸ್. ಹೇಮಾ ಅವರೂ ಸ್ವತಃ ಅಂಗವೈಕಲ್ಯವಿದ್ದವರೇ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 1995ರ ಕಾಯಿದೆಯ ಜಾಗಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದಿತು. ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳೂ ಇರಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈಗ ನಿಮ್ಮ ಕಾಲೇಜನ್ನೇ ಅಳೆಯಿರಿ. ಬಾಗಿಲು ತೆರೆದಾಗ 90 ಸೆಂ.ಮೀ. ದಾರಿ ಸಿಗುತ್ತದೆಯೇ? ಶೌಚಾಲಯದೊಳಗೆ ಕುರ್ಚಿ ತಿರುಗುತ್ತದೆಯೇ? ಪ್ರಯೋಗಾಲಯ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ? ಅಂಕಿಗಳ ಪಟ್ಟಿ ಮಾಡಿ ಪ್ರಾಂಶುಪಾಲರಿಗೆ ಕೊಡಿ. ಮುಂದಿನ ವರ್ಷ ಸೇರಬೇಕೆಂದಿರುವ ಒಬ್ಬ ವಿದ್ಯಾರ್ಥಿನಿಯ ಓದು ಆ ಪಟ್ಟಿಯನ್ನೇ ಅವಲಂಬಿಸಿರಬಹುದು.