ಹಡಗಿಗೆ ಜೊತೆಯಾಗಿದ್ದ ನಿಲ್ದಾಣ

ರಾಮೇಶ್ವರದಿಂದ ಹೊರಟ ವ್ಯಾನುಗಳು ಧನುಷ್ಕೋಡಿಯ ಹಳೆಯ ರೈಲು ನಿಲ್ದಾಣದ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಳಿದವರು ಮುರಿದ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು, ಚಂಡಮಾರುತದ ಕತೆ ಕೇಳಿ, ನೆಲದ ತುದಿಯಾದ ಅರಿಚಲ್‌ಮುನೈ ಕಡೆ ಹೊರಟುಬಿಡುತ್ತಾರೆ. ಒಂದು ರಾತ್ರಿಯ ಸಾವನ್ನಷ್ಟೇ ನೆನೆದರೆ ಈ ನಿಲ್ದಾಣಕ್ಕೆ ಅನ್ಯಾಯ. ಅದಕ್ಕೂ ಮೊದಲು ಅದು ಐವತ್ತು ವರ್ಷ ದುಡಿದಿದೆ.

1914ರ ಫೆಬ್ರುವರಿಯಲ್ಲಿ ಪಾಂಬನ್ ಸೇತುವೆ ತೆರೆಯಿತು; ಮೀಟರ್‌ಗೇಜ್ ಹಳಿ ಕಡಲು ದಾಟಿ ರಾಮೇಶ್ವರ ದ್ವೀಪ ಮುಟ್ಟಿತು. ಅಲ್ಲಿಯವರೆಗೆ ಸಿಲೋನಿಗೆ ಹೋಗುವವರು ತೂತುಕುಡಿಯಲ್ಲಿ ಹಡಗು ಹತ್ತಿ ಕೊಲಂಬೊವರೆಗೂ ನೀರಿನ ಮೇಲೆಯೇ ಸಾಗಬೇಕಿತ್ತು. ಆಮೇಲೆ ಮದ್ರಾಸಿನಲ್ಲಿ ಒಂದೇ ಟಿಕೆಟ್ ಕೊಂಡು ಬೋಟ್ ಮೇಲ್ ರೈಲು ಹತ್ತಿದರಾಯಿತು. ಧನುಷ್ಕೋಡಿಯಲ್ಲಿ ಇಳಿದು ಸ್ಟೀಮರ್ ಏರುವುದು, ಸುಮಾರು 35 ಕಿ.ಮೀ. ಆಚೆ ತಲೈಮನ್ನಾರಿನಲ್ಲಿ ಇಳಿದು ಮತ್ತೆ ರೈಲು. ಕರ್ಜನ್, ಎಲ್ಗಿನ್, ಹಾರ್ಡಿಂಜ್ ಮೊದಮೊದಲ ಸ್ಟೀಮರುಗಳು. ವೈಸರಾಯ್‌ಗಳ ಹೆಸರೇ ಎಲ್ಲಕ್ಕೂ.

ನಿಲ್ದಾಣದ ಸುತ್ತ ಊರು ಬೆಳೆಯಿತು: ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಆಸ್ಪತ್ರೆ, ಶಾಲೆ, ಚರ್ಚು. ಇಲ್ಲಿ ಇಳಿದವರಲ್ಲಿ ವ್ಯಾಪಾರಿಗಳಿದ್ದರು. ಮಂಟಪಂ ಕ್ಯಾಂಪಿನಲ್ಲಿ ಆರೋಗ್ಯ ತಪಾಸಣೆ ಮುಗಿಸಿ ಸಿಲೋನಿನ ಟೀ ತೋಟಗಳಿಗೆ ಹೊರಟ ತಮಿಳು ಕೂಲಿಕಾರರ ಕುಟುಂಬಗಳಿದ್ದವು. ಸೇತುಸ್ನಾನಕ್ಕೆ ಬಂದವರೂ ಇದ್ದರು. ಸೇತುವಿನ ಮರಳನ್ನು ಗಂಗೆಗೆ ಒಯ್ದು, ಗಂಗಾಜಲ ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸಿದರೇ ಕಾಶಿಯಾತ್ರೆ ಪೂರ್ತಿ ಎಂದು ನಂಬಿದ ನಮ್ಮ ಕಡೆಯ ಹಿರಿಯರಿಗೂ ಧನುಷ್ಕೋಡಿ ಗುರುತಿನ ಹೆಸರೇ.

1964ರ ಡಿಸೆಂಬರ್ 22ರ ರಾತ್ರಿ ಪಾಂಬನ್‌ನಿಂದ 653ನೇ ನಂಬರಿನ ಪ್ಯಾಸೆಂಜರ್ ಹೊರಟಿತು. ನಿಲ್ದಾಣ ಇನ್ನೇನು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಕತ್ತಲಲ್ಲಿ ಸಿಗ್ನಲ್ ಕಾಣದೆ ಚಾಲಕ ಸ್ವಲ್ಪ ಹೊತ್ತು ಕಾದು, ಸಿಳ್ಳೆ ಹಾಕಿ ಮುಂದೆ ಸರಿದನೆಂದು ಹೇಳುತ್ತಾರೆ. ಚಂಡಮಾರುತದ ಅಲೆ ಇಡೀ ಗಾಡಿಯನ್ನೇ ಎತ್ತಿಕೊಂಡು ಹೋಯಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ.

ಪಾಂಬನ್ ಸೇತುವೆಯ ಬಹುಪಾಲು ಗರ್ಡರುಗಳು ಕಿತ್ತುಹೋಗಿದ್ದವು. ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್ ಉಸ್ತುವಾರಿಯಲ್ಲಿ 46 ದಿನಗಳಲ್ಲಿ ಸೇತುವೆ ಮತ್ತೆ ಎದ್ದಿತು. ರೈಲು ರಾಮೇಶ್ವರಕ್ಕೆ ಬಂತು, ಧನುಷ್ಕೋಡಿಗೆ ಬರಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಸಾರಿತ್ತು. ಹಡಗೂ ರಾಮೇಶ್ವರದಿಂದಲೇ ಹೊರಡತೊಡಗಿತು. 1980ರ ದಶಕದಲ್ಲಿ ಲಂಕೆಯ ಕದನದೊಂದಿಗೆ ಅದೂ ನಿಂತಿತು. 2019ರಲ್ಲಿ ಹೊಸ ಹಳಿಗೆ ಶಂಕುಸ್ಥಾಪನೆಯಾಯಿತು. ಹಳಿ ಬಂದಿಲ್ಲ.

ಇಲ್ಲಿಗೆ ಬಂದವರು ಚರ್ಚಿನ ಗೋಡೆಗೊಮ್ಮೆ ಕೈಯಿಡಬೇಕು. ಹವಳದ ಕಲ್ಲು, ಜೇನುಹುಟ್ಟಿನಂತೆ ಸಣ್ಣ ಸಣ್ಣ ತೂತುಗಳು, ಬೆರಳಿಗೆ ಒರಟಾಗಿ ತಾಗುತ್ತವೆ. ನಿಲ್ದಾಣದ ಕಡೆ ರೈಲ್ವೆಯ ನೀರಿನ ಟ್ಯಾಂಕಿನ ಕಟ್ಟೆ ಉಳಿದಿದೆ. ಎರಡೂ ಕಡೆ ಉಪ್ಪುನೀರು, ಎಂಜಿನ್ನಿಗೆ ಮಾತ್ರ ಸಿಹಿನೀರೇ ಬೇಕಿತ್ತು. ಟ್ಯಾಂಕು ಎಂದೋ ಒಣಗಿದೆ. ಪಕ್ಕದ ಗುಡಿಸಲುಗಳ ಮೀನುಗಾರ ಹೆಂಗಸರು ಮಾತ್ರ ಕಡಲಿಂದ ಕೂಗಳತೆಯಲ್ಲೇ ಮರಳು ತೋಡಿ, ಒಸರಿದ ಸಿಹಿನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಿಕೊಳ್ಳುತ್ತಾರೆ.