ಪಿಕಪ್ ಗಾಡಿಯ ಹೊಟ್ಟೆಯಲ್ಲಿ ಬೆಂಕಿ

ಉರ್ವ ಮಾರ್ಕೆಟ್ಟಿನ ಬಳಿ ಒಂದು ಬೆಳಗ್ಗೆ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಡೀಸೆಲ್ ಪಿಕಪ್ ಗಾಡಿಯನ್ನು ನಿಲ್ಲಿಸಿ, ಇಂಜಿನ್ ಆರಿಸಿ, ಅಡಿಗೆ ಬಗ್ಗಿ ನೋಡುತ್ತಿದ್ದನು. "ಮಾಷ್ಟ್ರೇ, ಏನೋ ಕಾದ ವಾಸನೆ. ಈ ವಾರದಲ್ಲಿ ಇದು ಎರಡನೆಯ ಸಲ" ಎಂದನು. ಇಂಜಿನ್ ಆರಿದ್ದರೂ ಮುಂದಿನ ಫ್ಯಾನು ಭರ್ರೆಂದು ತಿರುಗುತ್ತಲೇ ಇತ್ತು.

ಕನ್ನಡ ಪಂಡಿತನಿಗೆ ಇಂಜಿನಿನ ಗೊಡವೆ ಏಕೆಂದು ನೀವು ಕೇಳಬಹುದು. ಗಾಡಿಯೊಡನೆ ಬಂದ ಕೈಪಿಡಿ ಲಕೋಟೆಯಿಂದ ಹೊರಗೇ ಬಂದಿರಲಿಲ್ಲ. ಗ್ರಂಥ ಬಿಚ್ಚಿ ಅರ್ಥ ಹೇಳುವುದು ನಮ್ಮ ಕಸುಬೇ ಅಲ್ಲವೇ?

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಅಂದಿನಿಂದ ಡೀಸೆಲ್ ಪಿಕಪ್ಪುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದು ಬಂದು ಕುಳಿತಿದೆ. ಅದರ ಒಡಲು ಜೇನುಹಟ್ಟಿಯಂತೆ ಸಣ್ಣ ಸಣ್ಣ ಕೊಳವೆಗಳಿಂದ ಕೂಡಿದ್ದು, ಒಂದು ಬಿಟ್ಟೊಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯ ರಂಧ್ರಗಳಿಂದ ನುಸುಳಿ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಹಿಂದೆ ನಾವು ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುತ್ತಿದ್ದೆವು. ಈ ಸೋಸುಕವನ್ನು ಹಾಗೆ ಉಜ್ಜಲಾಗದು. ಮಸಿಯನ್ನು ಒಳಗೇ ಸುಡಬೇಕು. ಇದಕ್ಕೇ ರೀಜನರೇಶನ್ ಎಂದು ಹೆಸರು.

ಹೆದ್ದಾರಿಯಲ್ಲಿ ದೂರ ಓಡುವ ಗಾಡಿಯ ಹೊಗೆ ಚೆನ್ನಾಗಿ ಕಾಯುವುದರಿಂದ ಮಸಿ ಅಷ್ಟಷ್ಟೇ ತಾನಾಗಿ ಸುಟ್ಟುಹೋಗುತ್ತದೆ. ಧಕ್ಕೆಯಿಂದ ಉರ್ವಕ್ಕೆ ಮೀನು ತಂದು, ಅಲ್ಲಿಂದ ಚಿಲಿಂಬಿಗೆ, ಅಶೋಕನಗರಕ್ಕೆ ಎಂದು ನಿಂತು ನಿಂತು ಓಡುವ ಗಾಡಿಗೆ ಆ ಭಾಗ್ಯವಿಲ್ಲ. ಮಸಿ ತುಂಬಿತೆಂದು ಕಂಡಾಗ ಗಾಡಿಯ ಕಂಪ್ಯೂಟರು ಸ್ವಲ್ಪ ಹೆಚ್ಚು ಡೀಸೆಲನ್ನು ಬಿಡುತ್ತದೆ. ಅದು ಉರಿದು ಸೋಸುಕದ ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ.

ಗುರುತುಗಳು ಇವು: ನಿಂತಾಗಲೂ ಇಂಜಿನಿನ ವೇಗ ವಾಡಿಕೆಗಿಂತ ತುಸು ಹೆಚ್ಚು, ಸದ್ದು ದಪ್ಪವಾಗುತ್ತದೆ, ಮೈಲೇಜು ಇಳಿಯುತ್ತದೆ, ಕಾದ ಲೋಹದ ವಾಸನೆ, ಕೆಲವು ಗಾಡಿಗಳಲ್ಲಿ ಇಂಜಿನ್ ಆರಿಸಿದರೂ ಫ್ಯಾನು ನಿಲ್ಲದು. ಪೆಟ್ಟಿಗೆಯೊಳಗೆ ಚುಕ್ಕೆಗಳಿರುವ ಹಳದಿ ದೀಪ ಹತ್ತಿದರೆ ಮಸಿ ಹೆಚ್ಚಾಗಿದೆ, ಗಾಡಿಯನ್ನು ಓಡಿಸಬೇಕು ಎಂದರ್ಥ. ಆದರೆ ರಬ್ಬರು ಸುಟ್ಟ ನಾತವೋ, ಬಾನೆಟ್ಟಿನಿಂದ ಹೊಗೆಯೋ ಕಂಡರೆ ಅದು ಬೇರೆಯೇ ಸಂಗತಿ. ಕೂಡಲೇ ನಿಲ್ಲಿಸಿ ಇಳಿಯತಕ್ಕದ್ದು.

ಇದನ್ನು ನಡುವೆ ನಿಲ್ಲಿಸುತ್ತಾ ಹೋದರೇನು? ಒಮ್ಮೆ ನಿಂತರೆ ಅನಾಹುತವೇನಿಲ್ಲ, ಇನ್ನೊಮ್ಮೆ ತಾನೇ ಆರಂಭಿಸುತ್ತದೆ. ಪದೇ ಪದೇ ಆದರೆ ಉರಿಯದ ಡೀಸೆಲು ಇಳಿದು ಇಂಜಿನ್ ಆಯಿಲಿಗೆ ಬೆರೆಯುತ್ತದೆ. ಆಯಿಲು ನೋಡುವ ಕಡ್ಡಿಯಲ್ಲಿ ಮಟ್ಟ ಏರಿದ್ದನ್ನು ಕಂಡು ಕೆಲವರು ಸಂತೋಷಪಡುವುದುಂಟು! ಅದು ತೆಳುವಾದ ಆಯಿಲು, ಇಂಜಿನನ್ನೇ ಸವೆಸುತ್ತದೆ. ಕೊನೆಗೆ ಸೋಸುಕ ಕಟ್ಟಿ ಗಾಡಿಯ ಶಕ್ತಿ ಕುಂದುತ್ತದೆ. ಹೊಸ ಸೋಸುಕದ ಬೆಲೆ ಸಣ್ಣ ಸಂಪಾದನೆಯವನ ಎದೆ ಒಡೆಯುವಂಥದು. ಅದನ್ನು ಕಿತ್ತೆಸೆಯಿರಿ ಎಂದು ಉಪದೇಶಿಸುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2012ರಲ್ಲೇ ಸಾರಿದೆ.

ಆದುದರಿಂದ ಗುರುತು ಕಂಡಾಗ ಆರಿಸದೆ, ಕೈಪಿಡಿ ಹೇಳಿದ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿಸಿರಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿರಿ.

ಶಿಷ್ಯನು ಮರುದಿನ ಮೀನು ಇಳಿಸಿ, ಕೊಟ್ಟಾರ ಚೌಕಿಯಿಂದ ಹೆದ್ದಾರಿ ಹಿಡಿದು ಸುರತ್ಕಲ್‌ವರೆಗೆ ಹೋಗಿ ಬಂದನು. ವಾಸನೆಯೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ಕೈಪಿಡಿ ಈಗ ಅವನ ಸೀಟಿನ ಪಕ್ಕದಲ್ಲಿದೆ. ಒಂದೆರಡು ಮೀನಿನ ಹುರುಪೆಯೂ ಅಂಟಿದೆ.